ಪಂಕ್ತಿಯಲ್ಲಿ ಕೂರದ ದೊಡ್ಡಮ್ಮ

ಜನವರಿ 18, ಭಾನುವಾರ. ಬರೆಯಲು ಕೂತದ್ದು ಮಧ್ಯಾಹ್ನ 2.15ಕ್ಕೆ.

ನಮ್ಮ ದೊಡ್ಡಮ್ಮನಿಗೆ ಜನರ ಮುಖ ನೆನಪಿರುವುದಿಲ್ಲ, ಮೊಣಕಾಲು ನೆನಪಿರುತ್ತದೆ. ಸುಳ್ಳಲ್ಲ! ನಾವಿರುವ ಉಳ್ಳೂರಿನ ಬಸ್ ಸ್ಟಾಪಿನಲ್ಲಿ ಯಾರಾದರೂ ನಮಸ್ಕಾರ ಎಂದರೆ ಪಿಳಿಪಿಳಿ ನೋಡುತ್ತಾರೆ. ಅವರು ನಾಲ್ಕು ಹೆಜ್ಜೆ ಹೋದ ಮೇಲೆ, "ಓ, ಬಲಗಾಲು! ಮೆಟ್ಟಿಲು ಇಳಿಯೋವಾಗ ಈಗ್ಲೂ ನೋವಾ?" ಎಂದು ಕೂಗುತ್ತಾರೆ.

ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕೂತು, ಪಿಂಚಣಿಗೆ ಬಂದವರು ಬೆಂಚಿನಿಂದ ಏಳುವುದನ್ನು ನೋಡಿ ನೋಡಿ ಕಲಿತ ವಿದ್ಯೆ ಇದು. ಔಷಧ ಹೇಳುವುದಿಲ್ಲ. "ಡಾಕ್ಟರ ಹತ್ರ ತಳ್ಳೋದಷ್ಟೇ ನನ್ನ ಕೆಲಸ. ನೀನು ಬರ್ಕೋ" ಎನ್ನುತ್ತಾರೆ. ಹಾಗಾಗಿ ಪಟ್ಟಿ ನನ್ನದು.

ಮೀನು ಮುಟ್ಟದ ದೊಡ್ಡಮ್ಮ ವಿಳಿಂಜಂ ಬಂದರಿನಿಂದ ಬರುವ ಮೀನಿನಾಕೆಯನ್ನು ದಿನಾ ಗೇಟಿನಲ್ಲಿ ನಿಲ್ಲಿಸುತ್ತಿದ್ದರು. ಆಕೆಗೂ ಸಾಕಾಗಿ ಒಂದು ದಿನ ಮಲಯಾಳದಲ್ಲಿ, "ಮೀನ್ ವೇಂಡ, ಎಂಡೆ ಕಾಲ್ ಮಾತ್ರಂ ಮದಿ, ಅಲ್ಲೇ ಚೇಚಿ?" ಎಂದಳು. ಮೀನು ಬೇಡ, ನನ್ನ ಕಾಲಷ್ಟೇ ಸಾಕು, ಅಲ್ಲವೇ ಅಕ್ಕ ಎಂದು! ಆದರೂ ಮೂರನೆಯ ದಿನ ಆಸ್ಪತ್ರೆಗೆ ಹೋಗಿ ಬಂದಳು.

ದೊಡ್ಡಮ್ಮನ ದೊಡ್ಡ ತಂತ್ರವೆಂದರೆ ಇಲ್ಲಿ ಮಲಯಾಳಿಗಳ ನಡುವೆ ನೆಲೆಸಿದ ಕನ್ನಡಿಗರ ತಿಂಗಳ ಊಟ. ಮೇಜು ಕುರ್ಚಿ ಬೇಡ, ನೆಲದಲ್ಲೇ ಎಲೆ ಎಂದು ಹಟ ಹಿಡಿದರು. ಎಲ್ಲರೂ ಸಂಪ್ರದಾಯದ ಮೇಲಿನ ಪ್ರೀತಿ ಎಂದುಕೊಂಡರು. ಏಳುವಾಗ ಯಾರು ನೆಲಕ್ಕೆ ಕೈ ಊರುತ್ತಾರೆ, ಯಾರು ಪಕ್ಕದವರ ಭುಜ ಹಿಡಿಯುತ್ತಾರೆ ಎಂದು ಮೂಲೆಯಲ್ಲಿ ನಾನು ಗುರುತು ಹಾಕುತ್ತಿದ್ದುದು ಯಾರಿಗೆ ಗೊತ್ತು?

ನಿವೃತ್ತ ರಾಕೆಟ್ ವಿಜ್ಞಾನಿಯೊಬ್ಬರು ಒಮ್ಮೆ ಸಿಡುಕಿದರು: "ನನ್ನ ಮಂಡಿಗೇನ್ರೀ ಆಗಿದೆ?"

"ಏನಿಲ್ಲ ಸಾರ್," ಎಂದರು ದೊಡ್ಡಮ್ಮ. "ಮೂರು ತಿಂಗಳಿಂದ ಪಾಯಸ ಬರೋಕೆ ಮುಂಚೆನೇ ಏಳೋಕೆ ಶುರು ಮಾಡ್ತಿದ್ದೀರಿ."

ಈಗ ಅವರು ಫೋರ್ಟ್ ಕೊಚ್ಚಿಯ ಮಗಳ ಮನೆಯಲ್ಲಿ ವ್ಯಾಯಾಮ ಮಾಡುತ್ತ, ಕೈ ಹಿಡಿಯದೆ ಮೆಟ್ಟಿಲು ಇಳಿಯುವ ವಿಡಿಯೊ ಕಳಿಸುತ್ತಾರೆ. ದೊಡ್ಡಮ್ಮ ಅದನ್ನು ಹಾಲಿನವನಿಗೂ ತೋರಿಸಿದ್ದಾರೆ.

ನಿನ್ನೆ ಸಂಜೆ ಒಟ್ಟು ಲೆಕ್ಕ ಹಾಕಿದೆ. ಹನ್ನೊಂದು ಊಟ, ನಲವತ್ತಾರು ಜನ, ಕೈ ಊರಿದವರು ಹತ್ತೊಂಬತ್ತು, ಡಾಕ್ಟರ ಬಳಿ ಹೋದವರು ಒಂಬತ್ತು. ಇಷ್ಟು ಹೆಮ್ಮೆಯ ಪಟ್ಟಿಯಲ್ಲಿ ಒಂದು ಹೆಸರು ಮಾತ್ರ ಇರಲಿಲ್ಲ. ಹನ್ನೊಂದು ಸಲವೂ ದೊಡ್ಡಮ್ಮ ಬಡಿಸುತ್ತಿದ್ದರು. ಬಡಿಸುವವರು ಕೂರಬೇಕಾಗಿಲ್ಲವಲ್ಲ.

ಇಂದು ಬೆಳಿಗ್ಗೆ ಅಡುಗೆಮನೆಯ ನೆಲದಲ್ಲಿ ಎಲೆ ಹಾಕಿ ಉಪ್ಪಿಟ್ಟು ಬಡಿಸಿದೆ.

"ಕೂತ್ಕೊಳ್ಳಿ ದೊಡ್ಡಮ್ಮ."

"ಹಸಿವಿಲ್ಲ ಕಣೇ."

"ನಾನು ಹಸಿವು ಕೇಳ್ಲಿಲ್ಲ."

ನನ್ನ ಭುಜ ಹಿಡಿದು ಕೂತರು. ಉಪ್ಪಿಟ್ಟು ತಿಂದು ಮುಗಿಸಿದರು. ಏಳುವಾಗ ಒಂದು ಕೈ ಊರಿದರು, ಸಾಲದೆ ಎರಡನ್ನೂ ಊರಿದರು. ನಾನು ಎತ್ತಿ ನಿಲ್ಲಿಸಿದೆ.

"ಬರ್ಕೋ. ಎಡಗಾಲು."

"ಎಷ್ಟು ದಿನದಿಂದ?"

"ಪಟ್ಟಿ ಶುರು ಮಾಡೋಕೆ ಮುಂಚೆಯಿಂದ. ನಾನು ತಡ ಮಾಡ್ದೆ. ಅವರೆಲ್ಲ ಮಾಡಬಾರದು ಅಂತ ತಾನೇ ಇಷ್ಟೆಲ್ಲ."

ನಲವತ್ತೇಳನೆಯ ಹೆಸರು ಬರೆದೆ.

ನಾಳೆ 9.30ಕ್ಕೆ ಡಾಕ್ಟರು. ಸರದಿಯಲ್ಲಿ ಕೂತವರ ಕಾಲು ನೋಡದಂತೆ ಇಂಥವರನ್ನು ಹಿಡಿದಿಡುವ ಉಪಾಯ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಮುಂದಿನ ತಿಂಗಳ ಊಟಕ್ಕೆ ಒಂದು ಕುರ್ಚಿ ಹಾಕಿಸಿದ್ದೇನೆ. ಅದರಲ್ಲಿ ಕೂರುವವರು ದೊಡ್ಡಮ್ಮ, ಬಡಿಸುವವಳು ನಾನು.