ಬಚ್ಚಲಿನ ಎರಡು ತೂತು

ಬಾಣಂತನದಲ್ಲಿ ನನ್ನನ್ನು ಮೀರಿಸುವವರು ಹಗರೆಯಲ್ಲೇ ಇಲ್ಲ ಎಂದು ನಾನು ಹೇಳಿಕೊಳ್ಳುವುದಿಲ್ಲ. ಊರವರು ಹೇಳುತ್ತಾರೆ, ನಾನು ತಡೆಯುವುದಿಲ್ಲ, ಅಷ್ಟೆ. ಒಂಬತ್ತು ಬಾಣಂತನ ಮಾಡಿದ್ದೇನೆ. ಒಬ್ಬಳಿಗೂ ಶೀತವಾಗಿಲ್ಲ, ಒಂದು ಕೂಸೂ ಸೀನಿಲ್ಲ. (ಪಕ್ಕದ ಮನೆ ಜಾನಕಮ್ಮನ ಮೊಮ್ಮಗ ಸೀನಿದ್ದು ಒಗ್ಗರಣೆ ಘಾಟಿಗೆ, ಅದು ಲೆಕ್ಕಕ್ಕಿಲ್ಲ.) ಇದರ ಗುಟ್ಟು ಒಂದೇ. ಬಾಣಂತಿಗೆ ಗಾಳಿ ಸೋಕಬಾರದು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಿಟಕಿಗೆ ಗೋಣಿಚೀಲ, ಬಾಗಿಲ ಸಂದಿಗೆ ಹಳೇ ಸೀರೆ. ನಾನು ಕಾವಲಿದ್ದ ಕೋಣೆಯೊಳಗೆ ಗಾಳಿ ಹೋಗಬೇಕಾದರೆ ನನ್ನ ಅಪ್ಪಣೆ ಬೇಕು.

ಅಂಥ ನನ್ನ ಮನೆಗೇ, ನನ್ನ ಸ್ವಂತ ಮಗಳ ಬಾಣಂತನಕ್ಕೇ, ಒಬ್ಬ ಬಂದು ಬಚ್ಚಲ ಗೋಡೆಗೆ ಎರಡು ತೂತು ಕೊರೆದು ಹೋದ.

ಇದಕ್ಕೆ ಮೂಲ ಪುರುಷ ನನ್ನ ಮಗ ಶರತ್. ಬೇಲೂರಿನಲ್ಲಿ ಆಫೀಸು ಕೆಲಸ. ತಂಗಿ ನಯನಾ ಆಸ್ಪತ್ರೆಯಿಂದ ಕೂಸು ಎತ್ತಿಕೊಂಡು ಬರುವ ಮೊದಲೇ ಹಂಡೆ, ಒಲೆ ಎಲ್ಲ ಕಿತ್ತು ಗ್ಯಾಸಿನ ಗೀಸರು ತಂದ. ಅಮ್ಮ ಹೊಗೆ ಊದುವುದು ತಪ್ಪಲಿ ಎಂದು ಅವನ ಆಸೆ. ಅದನ್ನು ಕೂರಿಸಲು ಬಂದವನು ಹೇಮಂತ್ ಎಂಬ ಫಿಟ್ಟರು. ಗೀಸರನ್ನು ಹೊರಗೋಡೆಗೆ ಹಾಕುವುದೇ ಕ್ಷೇಮ ಎಂದು ಆ ಹುಡುಗ ಬಹಳ ಹೇಳಿದ. ನೀರು ಒಳಗೆ ಬರುವಷ್ಟರಲ್ಲಿ ಆರಿಹೋಗುತ್ತದೆ, ಬಚ್ಚಲೊಳಗೇ ಹಾಕಪ್ಪ ಎಂದು ನಾನು ಹಟ ಹಿಡಿದೆ. ಸರಿ ಎಂದು ಒಳಗೇ ಹಾಕಿ, ಹೊಗೆ ಹೋಗಲು ಗೋಡೆಯಾಚೆಗೆ ಒಂದು ತಗಡಿನ ಕೊಳವೆ ಬಿಟ್ಟ. ಆಮೇಲೆ ಉಳಿ ತೆಗೆದು, ನೆಲದ ಹತ್ತಿರ ಒಂದು, ಸೂರಿನ ಹತ್ತಿರ ಒಂದು, ಊಟದ ತಟ್ಟೆಯಷ್ಟಗಲದ ತೂತು ಹೊಡೆದ.

"ಅಜ್ಜಿ, ಬೆಂಕಿಗೂ ಉಸಿರು ಬೇಕು. ಕೆಳಗಿನ ತೂತಲ್ಲಿ ಒಳ್ಳೆ ಗಾಳಿ ಬತ್ತದೆ, ಮೇಲಿನದ್ರಲ್ಲಿ ಕೆಟ್ಟದ್ದು ಹೋಯ್ತದೆ. ಈ ಎರಡನ್ನೂ ಮುಚ್ಚಬೇಡಿ, ಕೊಳವೇನೂ ಮುಚ್ಚಬೇಡಿ" ಅಂದ.

"ಬಾಣಂತಿ ಇರೋ ಮನೆ ಕಣಪ್ಪ ಇದು."

"ಅದಕ್ಕೇ ಹೇಳ್ತಾ ಇರೋದು."

ಅವನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡೆ. ಯಾರು ಏನು ಹೇಳಿದರೂ ಪೂರ್ತಿ ಕೇಳುವುದು ನನ್ನ ಸ್ವಭಾವ. (ಕೇಳುವುದು ಬೇರೆ, ಒಪ್ಪುವುದು ಬೇರೆ.) ಅವನ ಬೈಕಿನ ಸದ್ದು ತಿರುವಿನಲ್ಲಿ ಮರೆಯಾದ ಕೂಡಲೇ ಕೈಗೆ ಸಿಕ್ಕ ಬಟ್ಟೆಯನ್ನು ಮೇಲಿನ ತೂತಿಗೆ ತುರುಕಿದೆ. ಅದು ನಮ್ಮ ಯಜಮಾನರು ಜವರಯ್ಯನವರ ಪಂಚೆ. ಮರುದಿನ ಸಂತೆಗೆ ಹೊರಟ ಅವರು ಅಟ್ಟ, ಪೆಟ್ಟಿಗೆ, ದನದ ಕೊಟ್ಟಿಗೆ ಎಲ್ಲ ಹುಡುಕಿ, ಕೊನೆಗೆ ಹಿತ್ತಲಿಗೆ ಹೋದಾಗ ಅವರ ಪಂಚೆಯ ಅಂಚು ಗೋಡೆಯಿಂದ ಹೊರಬಂದು ಬಾವುಟದಂತೆ ಹಾರಾಡುತ್ತಿತ್ತಂತೆ. ಎಳೆದುಕೊಂಡು ಹೋದರು. ನಾನು ಗೋಣಿಚೀಲ ತುರುಕಿದೆ. ಅದನ್ನು ನಯನಾ ಕಿತ್ತಳು. ದಿಂಬು ತುರುಕಿದೆ. ಅದನ್ನು ಶರತ್ ಕಿತ್ತ. ಒಂದು ವಾರ ನಮ್ಮ ಮನೆಯಲ್ಲಿ ಇದೇ ಮಹಾಯುದ್ಧ.

ಬಟ್ಟೆಯಾದರೆ ತಾನೇ ಕೀಳುವುದು ಎಂದುಕೊಂಡು, ಹೆರಿಗೆಯಾದ ಹತ್ತನೆಯ ದಿನ ಎಲ್ಲರೂ ಊಟಕ್ಕೆ ಕೂತಾಗ ಮಣ್ಣು, ಸಗಣಿ ಕಲಸಿ ಎರಡೂ ತೂತು ಮೆತ್ತಿ, ಸುಣ್ಣ ಬಳಿದೆ. ಗೋಡೆ ಹುಟ್ಟಿದಾಗಿನಿಂದ ತೂತನ್ನೇ ಕಂಡಿಲ್ಲವೆಂಬಂತೆ ನಿಂತಿತು. ಇನ್ನುಳಿದದ್ದು ಕೊಳವೆ. ಗಾಳಿಗೆ ದಾರಿ ಎಂದರೆ ದಾರಿಯೇ. ಬಟ್ಟೆ ಒಗೆಯುವ ಕಲ್ಲು ಹತ್ತಿ, ಅದರ ಬಾಯಿಗೆ ಒಂದು ತೆಂಗಿನ ಚಿಪ್ಪು ಕವುಚಿ ಸುತ್ತ ಸಗಣಿ ಮೆತ್ತಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಹನ್ನೊಂದನೆಯ ದಿನ ಭಾನುವಾರ. ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಎರೆಯುವ ದಿನ. ಅವರು ಬರುವ ಮುಂಚೆ ಬಚ್ಚಲು ಬೆಚ್ಚಗಾಗಿರಲಿ ಎಂದು ಮೊದಲು ನಾನೇ ಒಳಗೆ ಹೋಗಿ, ಅಗುಳಿ ಹಾಕಿ, ಗೀಸರು ಹಚ್ಚಿ ಮೈಗೆ ನೀರು ಹಾಕಿಕೊಳ್ಳತೊಡಗಿದೆ. ಏನು ಸುಖ ಅಂತೀರಿ. ಬೀಡಿ ಹೊಗೆಯಷ್ಟು ಗಾಳಿಯೂ ಇಲ್ಲ. ಸ್ವಲ್ಪ ಹೊತ್ತಿಗೆ ನೀಲಿಯಾಗಿ ಉರಿಯುತ್ತಿದ್ದ ಬೆಂಕಿ ಹಳದಿಗೆ ತಿರುಗಿತು. ಥೇಟ್ ದೇವರ ಮುಂದಿನ ದೀಪದ ಬಣ್ಣ. ನಾನು ಕೈ ಮುಗಿದೆ. ಆಮೇಲೆ ತಲೆ ಭಾರವಾಯಿತು. ಪಿತ್ತ ಅಂದುಕೊಂಡೆ. ಮೊಣಕಾಲಿನ ಬಲ ಹೋಯಿತು. ವಯಸ್ಸು ಅಂದುಕೊಂಡೆ. ಚೆಂಬು ಕೈಜಾರಿದ್ದು ಕಂಡೆ, ಅದು ಬಿದ್ದ ಸದ್ದು ಕೇಳಲಿಲ್ಲ.

ಮುಂದಿನದು ಮನೆಯವರು ಹೇಳಿದ್ದು.

ಯಜಮಾನರು ಆಗ ಬಚ್ಚಲ ಹೊರಗೆ ನಿಂತು ಪಂಚೆಗೆ ಅಂಟಿದ್ದ ಸುಣ್ಣ ನೋಡಿಕೊಂಡು ಗೊಣಗುತ್ತಿದ್ದರಂತೆ. ಗೊಣಗಾಟ ಎಂದಿನಂತೆ ನನ್ನ ತವರಿಗೆ ಹೋಯಿತು. ಹುಲಿಕೆರೆಯವರಿಗೆ ಬುದ್ಧಿ ಕಡಿಮೆ ಎಂದರು. ಒಳಗಿಂದ ಉತ್ತರ ಬರಲಿಲ್ಲ. ಸ್ವಲ್ಪ ಗಟ್ಟಿಯಾಗಿ, ನನ್ನಪ್ಪ ನಮ್ಮ ಮದುವೆಯಲ್ಲಿ ಹಾಕಿಸಿದ ಪಾಯಸ ಬರೀ ನೀರು ಎಂದರು. ಅದಕ್ಕೂ ಉತ್ತರವಿಲ್ಲ. ನಲವತ್ತಾರು ವರ್ಷದ ಸಂಸಾರದಲ್ಲಿ ಪಾಯಸದ ಮಾತಿಗೆ ನಾನು ಉತ್ತರ ಕೊಡದೆ ಬಿಟ್ಟಿದ್ದಿಲ್ಲ. ಅವರ ಮುಖ ಬಿಳಿಚಿಕೊಂಡಿತಂತೆ.

"ಲೇ ಶರತ್, ಬಾರ್ಲಾ ಬೇಗ. ತವರಿಗೆ ಬೈದ್ರೂ ಸುಮ್ಕವ್ಳೆ. ಏನೋ ಆಗೈತೆ."

ಅಪ್ಪ ಮಗ ಸೇರಿ ಬಾಗಿಲು ಒದ್ದು ಮುರಿದರು. ಶರತ್ ಗ್ಯಾಸು ಆರಿಸಿದ. ಯಜಮಾನರು ನನ್ನನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ಅಂಗಳಕ್ಕೆ ತಂದು, ಮೊರದಲ್ಲಿ ಗಾಳಿ ಬೀಸಿದರು. ರಾಗಿ ತೂರುವಾಗಲೂ ಅವರು ಅಷ್ಟು ಜೋರಾಗಿ ಬೀಸಿದವರಲ್ಲ. ಕಣ್ಣು ಬಿಟ್ಟಾಗ ನನ್ನ ಸುತ್ತ ಬರೀ ಗಾಳಿ. ಎದುರಿಗೆ, ಎಣ್ಣೆ ಹಚ್ಚಿದ ಕೂಸನ್ನು ಎದೆಗವಚಿಕೊಂಡು ನಯನಾ ಅಳುತ್ತಿದ್ದಳು.

ಹಳೇಬೀಡಿನ ಆಸ್ಪತ್ರೆಯಲ್ಲಿ ಮುಖಕ್ಕೆ ಆಕ್ಸಿಜನ್ ಮುಸುಕು ಹಾಕಿದರು. ಪಿತ್ತ ಕಣಮ್ಮ ಎಂದೆ. ಡಾಕ್ಟರಮ್ಮ ಗೀಸರಿನ ಸಮಾಚಾರವನ್ನೆಲ್ಲ ಶರತ್‌ನಿಂದ ಕೇಳಿ ತಿಳಿದುಕೊಂಡು, ಗಾಳಿ ಸಾಲದೆ ಉರಿದ ಗ್ಯಾಸು ವಿಷ ಬಿಡುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ ಎಂದರು. ನಾನು ಒಂದೇ ಮಾತು ಕೇಳಿದೆ.

"ನನ್ನ ಬದಲು ಬಾಣಂತಿ, ಕೂಸು ಮೊದಲು ಹೋಗಿದ್ರೆ?"

ಡಾಕ್ಟರಮ್ಮ ನನ್ನ ಕೈ ಮೇಲೆ ಕೈ ಇಟ್ಟರು. ನಾನು ಆ ಮುಸುಕಿನೊಳಗೇ ಅತ್ತೆ. ನನಗಾದದ್ದಕ್ಕಲ್ಲ, ನನಗೇ ಆಯಿತಲ್ಲ ಎಂಬ ನೆಮ್ಮದಿಗೆ.

ಎರಡು ದಿನ ಕಳೆದು ಮನೆಗೆ ಬಂದಾಗ ಹೇಮಂತ್ ಗೀಸರನ್ನು ಹೊರಗೋಡೆಗೆ ಸಾಗಿಸುತ್ತಿದ್ದ. ಮೆತ್ತಿದ ತೂತುಗಳನ್ನು ಒಡೆದು, ಗೀಸರು ಆಚೆ ಹೋದರೂ ಇವು ಹೀಗೇ ಇರಲಿ ಎಂದ. ಆಮೇಲೆ ಕರಟಿ ಕಪ್ಪಾಗಿದ್ದ ಚಿಪ್ಪನ್ನು ಕಿತ್ತು ತಂದು ಜಗಲಿಯ ಮೇಲಿಟ್ಟು, ಇದನ್ನು ಯಾರಿಟ್ಟರು ಎಂದು ಕೇಳಿದ. ಬೇಲಿಯ ಆಚೆಯಿಂದ ಜಾನಕಮ್ಮನೂ ಕತ್ತು ಚಾಚಿದಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಯಜಮಾನರು ನನ್ನ ಮುಖ ನೋಡಿದರು.

"ಕೋತಿ ಇಟ್ಟಿರಬೇಕು" ಅಂದರು.

"ಸಗಣಿ ಮೆತ್ತೋ ಕೋತಿನ ನಾನು ನೋಡಿಲ್ಲ ಯಜಮಾನ್ರೇ" ಅಂದ ಹೇಮಂತ್.

"ನಮ್ಮೂರಲ್ಲಿ ಅವೆ."

ದೇವರಂಥ ಗಂಡ ಎಂದುಕೊಂಡೆ. ಈ ಅಭಿಪ್ರಾಯ ಮುಂದಿನ ಭಾನುವಾರದವರೆಗೆ ನಿಂತಿತು.

ಅಂದು ಹೊಸ ಬಾಗಿಲು ಹಾಕಿದ ಬಚ್ಚಲಲ್ಲಿ ಕಾಲು ನೀಡಿಕೊಂಡು ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಎರೆಯುತ್ತಿದ್ದೆ. ನೀರು ಆರಿರಲಿಲ್ಲ, ಸುಡುವಷ್ಟು ಬಿಸಿಯಿತ್ತು. ನಯನಾ ಪಕ್ಕದಲ್ಲಿ ತಣ್ಣೀರು ಬೆರೆಸುತ್ತಿದ್ದಳು. ಯಜಮಾನರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗಿದ್ದವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿರಬೇಕು, ಇಲ್ಲದಿದ್ದರೆ ಬಾಗಿಲು ಒದೆಯುವುದು ಎಂದು ಅವರೇ ಕಾನೂನು ಮಾಡಿದ್ದರು. ಇಷ್ಟು ವರ್ಷ ಬಾಯಿ ಮುಚ್ಚು ಎಂದವರು ಈಗ ಬಾಯಿ ಬಿಡು ಎಂದು ಕಾವಲು ಕೂತಿದ್ದರು.

"ಇದ್ದೀಯೇನೇ?"

"ಇದ್ದೀನಿ ಕಣ್ರೀ."

"ನಿಮ್ಮಪ್ಪ ನಮ್ಮ ಮದುವೇಲಿ ಹಾಕಿಸಿದ ಪಾಯಸ ನೀರಾಗಿತ್ತೋ ಇಲ್ವೋ?"

ನಾನು ತುಟಿ ಕಚ್ಚಿಕೊಂಡೆ. ಹೊರಗೆ ಕುರ್ಚಿ ಸರಿದ ಸದ್ದಾಯಿತು.

"ಆಗಿತ್ತು, ಆಗಿತ್ತು. ಕೂತ್ಕೊಳ್ಳಿ."

"ಹಂಗಾದ್ರೆ ಆ ಕೋತಿ ಯಾವುದು, ಅದೂ ಹೇಳ್ಬಿಡು."

ನಯನಾ ಬಾಯಿಗೆ ಸೆರಗು ತುರುಕಿಕೊಂಡಳು. ಕೂಸು ಕೆಂಪಗೆ, ಬೆಚ್ಚಗೆ, ಕೈಕಾಲು ಆಡಿಸುತ್ತಾ ನನ್ನನ್ನೇ ನೋಡುತ್ತಿತ್ತು. ಹೊರಗೆ ಯಜಮಾನರು ಎದ್ದು ನಿಂತು ಕೆಮ್ಮಿದರು. ಬಾಗಿಲು ಹೊಸದು.

"ನಾನೇ ಕಣ್ರೀ" ಎಂದೆ.

ಮೇಲಿನ ತೂತು ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು. ನನ್ನ ಮಾತು ಪೂರ್ತಿ ಹೊರಗೆ ಹೋಯಿತು. ಕೆಳಗಿನ ತೂತಿನಿಂದ ಜಾನಕಮ್ಮನ ನಗು ಒಳಗೆ ಬಂತು.