ಸೊನ್ನೆಗಿಂತ ಕೆಳಗಿಳಿದ ಅಳಿಯ

ನನ್ನ ಅತ್ತೆ ಜಿಜಾಬಾಯಿಯವರಿಗೆ ಸಕ್ಕರೆ ಕಾಯಿಲೆ. ಅದರ ಕಹಿ ಮಾತ್ರ ನನ್ನ ಪಾಲಿಗೆ. (ಅವರೆದುರು ಹೀಗೆ ಹೇಳುವ ಧೈರ್ಯವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.)

ಅದು ಎರಡು ಸಾವಿರದ ಹದಿನಾರರ ಬೇಸಿಗೆ. ಭಾಲ್ಕಿ ಕಡೆಯ ಬಾವಿಗಳೆಲ್ಲ ಬತ್ತಿ, ಅರ್ಧಕ್ಕರ್ಧ ಜನ ಕಟ್ಟಡದ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋಗಿದ್ದರು. ಖಟಕ ಚಿಂಚೋಳಿಯಲ್ಲಿದ್ದ ಅತ್ತೆಯವರನ್ನು ಬೀದರಿಗೆ ಬನ್ನಿ ಎಂದರೆ ಒಂದೇ ಉತ್ತರ.

"ಹ್ಯಾಂಗ ಬರ್ಲಿ? ಹೋದವರೆಲ್ಲ ಮನಿ ಕೀಲಿ ನನ್ನ ಕೈಯಾಗ ಕೊಟ್ಟು ಹೋಗ್ಯಾರ. ಹನ್ನೊಂದು ಕೀಲಿ ಅವ. ಅವರು ಬರಾತನ ನಾ ಎಲ್ಲಿಗೂ ಬರಂಗಿಲ್ಲ."

ಊರಿಗೆ ಕರೆಂಟು ಬರುತ್ತಿತ್ತು, ಆದರೆ ಕೂತು ನೀರು ಕುಡಿಯುವಷ್ಟೂ ಹೊತ್ತು ಇರುತ್ತಿರಲಿಲ್ಲ. ಸೆಕೆಗೆ ಅತ್ತೆಯವರ ಇನ್ಸುಲಿನ್ ಕೆಟ್ಟು, ಒಂದು ದಿನ ಅಂಗಳದಲ್ಲೇ ತಲೆ ತಿರುಗಿ ಬಿದ್ದರು. ಬೀದರಿನ ಚಿದ್ರಿಯ ನಮ್ಮ ಮನೆಯಲ್ಲಿ ಹೆಂಡತಿ ಕೇಶರಬಾಯಿ ಎರಡು ದಿನ ಅತ್ತಳು. ಮೂರನೆಯ ದಿನ ಕಣ್ಣೊರೆಸಿಕೊಂಡು ನನ್ನ ಮೇಲೆ ತಿರುಗಿದಳು.

"ಸೈನ್ಸ್ ಮಾಸ್ತರ ಅಂತ ಹೆಸರಿಗಷ್ಟೇ ಇದ್ದೀರೇನು? ನಮ್ಮವ್ವಗ ಏನಾರ ಮಾಡ್ರಿ!"

ಇಪ್ಪತ್ತು ವರ್ಷಗಳ ವೈಜ್ಞಾನಿಕ ಚೇತನ ನನ್ನೊಳಗೆ ದಿಗ್ಗನೆ ಎದ್ದಿತು. ಕಾರಿನಲ್ಲಿಟ್ಟುಕೊಂಡು ಕಾಡುಮೇಡು ಸುತ್ತುವವರು ಒಂದು ಪುಟ್ಟ ಫ್ರಿಜ್ ಒಯ್ಯುತ್ತಾರಲ್ಲ, ಹಳೆಯದೊಂದನ್ನು ಹೈದರಾಬಾದಿನಿಂದ ತರಿಸಿದೆ. ಸೋಲಾರ್ ಫಲಕ, ಬ್ಯಾಟರಿಗಾಗಿ ಬದ್ರೋದ್ದೀನ ಸಾಬರ ಅಂಗಡಿಗೆ ಹೋದೆ.

"ಎಷ್ಟ್ ದಿನ ನಡೀತದ್ರಿ ಇದು?"

"ಸೂರ್ಯಾ ಇರಾತನ ನಡೀತದ್ರಿ ಸರ್."

"ಬ್ಯಾಟರಿ?"

"ಅದು ಬ್ಯಾರೆ ಮಾತ್ರಿ," ಎಂದು ಸಾಬರು ಸೂರ್ಯನ ಗ್ಯಾರಂಟಿಯನ್ನಷ್ಟೇ ಕೊಟ್ಟರು.

ಒಂದು ಶನಿವಾರ ಈ ಸಕಲ ಸಾಮಗ್ರಿಯೊಂದಿಗೆ ಅತ್ತೆಯ ಮನೆಗೆ ದಿಗ್ವಿಜಯ ಹೊರಟೆ. ಬಸ್ಸಿನಲ್ಲಿ ಬ್ಯಾಟರಿ ನನ್ನ ತೊಡೆಯ ಮೇಲೆ ಕೂತಿತ್ತು. ಇಳಿಯುವಷ್ಟರಲ್ಲಿ ತೊಡೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಾಯಿತು. ಮಾಳಿಗೆಯ ಮೇಲೆ ಫಲಕ ಹಾಸಿ, ತಂತಿ ಇಳಿಸಿ, ಫ್ರಿಜ್ಜಿನ ಗುಂಡಿ ಒತ್ತಿದೆ. ಅದು ಗುರ್ರೆಂದಿತು. ಅತ್ತೆಯವರು ಮೊದಲ ಸಲ ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು.

ಮರುವಾರ ಅತ್ತೆಯವರ ಫೋನು ಬಂತು. "ಮಚ್ಛೇಂದ್ರ, ನಿಮ್ಮ ಡಬ್ಬಿ ಉಸಿರು ಬಿಟ್ಟದ ನೋಡ್ರಿ."

ಓಡಿಹೋಗಿ ಮಾಳಿಗೆ ಹತ್ತಿದರೆ, ಫಲಕದ ತುಂಬ ಶಾವಿಗೆ!

"ಎಷ್ಟ್ ನುಣ್ಣಗದ ಅಂತೀರಿ! ಶಾವಿಗಿ ಒಣಸ್ಲಾಕಂತೇ ಮಾಡ್ಯಾರ," ಎಂದರು ಅತ್ತೆ.

ಸೂರ್ಯನಿಗೂ ಫಲಕಕ್ಕೂ ನಡುವೆ ಯಾವ ಸಂಬಂಧಿಕರೂ ಬರಬಾರದೆಂದು ಒಂದು ತಾಸು ಪಾಠ ಮಾಡಿದೆ. ಶಾವಿಗೆ ಹಾಸಿಗೆ ಬದಲಿಸಿತು, ಫ್ರಿಜ್ಜಿಗೆ ಜೀವ ಬಂತು.

ಈ ಸುದ್ದಿ ಊರಲ್ಲಿ ಹಬ್ಬಿತು. ಆಚೆ ಮನೆಯ ಕುಲಸುಮಬೀ, ಓಣಿ ಕೊನೆಯ ಮುದುಕ ಪಂಢರಿ, ಇಬ್ಬರೂ ಸಕ್ಕರೆಯ ಬಳಗವೇ. ಇಬ್ಬರ ಮಕ್ಕಳೂ ದುಡಿಯಲು ಹೋಗಿದ್ದರು. ಅವರೂ ತಮ್ಮ ಬಾಟಲಿಗಳನ್ನು ತಂದಿಟ್ಟರು. ದಿನಕ್ಕೆರಡು ಸಲ ಮೂವರೂ ಅತ್ತೆಯ ಪಡಸಾಲೆಯಲ್ಲಿ ಕೂಡಿ ಸೂಜಿ ಚುಚ್ಚಿಕೊಂಡು, ಹೈದರಾಬಾದಿನ ಸುದ್ದಿ ಹಂಚಿಕೊಂಡು ಏಳುತ್ತಿದ್ದರು.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಪುಣ್ಯಾತ್ಮನಾಗಿ ಉಳಿಯುತ್ತಿದ್ದೆ. ಆದರೆ ಮುಂದಿನ ಶನಿವಾರ ನಾನು ಹೋದಾಗ ನೀರಿನ ಟ್ಯಾಂಕರಿನ ಸರತಿಯಲ್ಲಿ ನಿಂತ ಹೆಣ್ಣುಮಗಳೊಬ್ಬಳು ಕೇಳಿಬಿಟ್ಟಳು.

"ಸರ್, ನಿಮ್ಮ ಡಬ್ಬ್ಯಾಗ ಬರ್ಫ ಆಗ್ತದೇನ್ರಿ?"

"ಆಗ್ತದಂದ್ರ? ಬೇಕಾದಷ್ಟು!" ಎಂದಿತು ನನ್ನ ಬಾಯಿ. ಗುಂಡಿ ಒತ್ತಿ ಒತ್ತಿ ಸೊನ್ನೆಯಿಂದ ಹತ್ತು ಡಿಗ್ರಿ ಕೆಳಗಿಳಿಸಿ, ತಟ್ಟೆಗಳಲ್ಲಿ ನೀರು ತುಂಬಿಟ್ಟೆ. ಭಾನುವಾರ ಮುಂಜಾನೆ ಸರತಿಯಲ್ಲಿದ್ದವರಿಗೆಲ್ಲ ಮಂಜುಗಡ್ಡೆ ಹಂಚಿದೆ. ಬಿರಿದ ತುಟಿಗಳಿಗೆ ಅದನ್ನು ಒತ್ತಿಕೊಂಡು ಜನ ನಗುತ್ತಿದ್ದರೆ, ನನ್ನ ಎದೆ ಎರಡಿಂಚು ಅಗಲವಾಯಿತು.

ಆಗಲೇ ಆಶಾ ಕಾರ್ಯಕರ್ತೆ ಕುಬರಾ ಬಂದಳು. ಫ್ರಿಜ್ ತೆರೆದವಳು ಒಂದು ಬಾಟಲಿ ಎತ್ತಿ ನನ್ನ ಮುಖದ ಮುಂದೆ ಅಲ್ಲಾಡಿಸಿದಳು. ಒಳಗಿದ್ದುದು ಅಲ್ಲಾಡಲಿಲ್ಲ.

"ಇದೇನ್ ಮಾಡೀರಿ ಸರ್?"

"ಕರಗ್ತದ ತಾಯಿ, ಬಿಸಿಲಿಗಿಟ್ರ..."

"ಇನ್ಸುಲಿನ್ ಒಮ್ಮಿ ಗಡ್ಡಿ ಕಟ್ತಂದ್ರ ಮುಗೀತ್ರಿ. ಕರಗಿದ್ರೂ ಅದು ಔಷಧ ಅಲ್ಲ. ಮೂರೂ ಮಂದೀದು ಹಾಳಾಯ್ತು!"

ಪಡಸಾಲೆಯಲ್ಲಿ ಮೂವರೂ ಮುಂಜಾನೆಯ ಸೂಜಿಗೆ ಕಾಯುತ್ತ ಕೂತಿದ್ದರು. ಅತ್ತೆಯವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಭಾಲ್ಕಿ ಬಸ್ಸು ಈಗ ಬರ್ತದ, ಹೋಗಿ ಬರ್ರಿ," ಎಂದಷ್ಟೇ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು. ಬೀಗ ಬಿದ್ದ ಮನೆಗಳ ಸಾಲು ದಾಟಿ ಬಸ್ಸಿನತ್ತ ಓಡಿದೆ. ಇಡೀ ಓಣಿಯನ್ನು ಆ ಹೆಂಗಸು ಕಾಯುತ್ತಿದ್ದಾರೆ. ಮೂರು ಬಾಟಲಿ ಕಾಯುವುದು ನನ್ನಿಂದಾಗಲಿಲ್ಲ.

ಭಾಲ್ಕಿಯಲ್ಲಿ ಭಾನುವಾರ. ಎರಡು ಔಷಧಿ ಅಂಗಡಿ ಮುಚ್ಚಿದ್ದವು, ಮೂರನೆಯದರಲ್ಲಿ ಎರಡೇ ಬಾಟಲಿ, ನಾಲ್ಕನೆಯದರಲ್ಲಿ ಕೊನೆಯದೊಂದು. ಒದ್ದೆ ಟವೆಲ್ಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಮಧ್ಯಾಹ್ನಕ್ಕೆ ಮರಳಿದೆ. ಕುಬರಾಳ ಎದುರೇ ಮೂವರಿಗೂ ಸೂಜಿಯಾಯಿತು. ಕೈ ಮುಗಿದು ತಪ್ಪಾಯಿತು ಎಂದೆ.

"ಹೋಗ್ಲಿ ಬಿಡು ಬೇಟಾ," ಎಂದರು ಕುಲಸುಮಬೀ. "ಈ ಗರ್ಮಿದಾಗ ಬರ್ಫ ತಿನ್ಸಿದಿ."

ಪಂಢರಿ ಮಾತ್ರ ಫ್ರಿಜ್ಜನ್ನು ಗೋಡೆಯ ಕಡೆಗೆ ಸರಿಸಿ, ನನಗೂ ಅದಕ್ಕೂ ನಡುವೆ ಬಂದು ಕೂತ.

ಕುಬರಾ ಅಷ್ಟಕ್ಕೆ ಬಿಡಲಿಲ್ಲ. ಅದೇ ಸಂಜೆ ಊರಲ್ಲಿ ಉಳಿದವರನ್ನೆಲ್ಲ ಪಡಸಾಲೆಗೆ ಕರೆದಳು. ಔಷಧ ಕಾಪಾಡುವುದು ಹೇಗೆಂದು ಹೇಳುತ್ತ, ಉದಾಹರಣೆಗೆ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. "ಇವರು ಮಾಡಿದ್ಹಂಗ ಯಾರೂ ಮಾಡಬ್ಯಾಡ್ರಿ." ಎಲ್ಲರೂ ನನ್ನನ್ನು ಗಮನವಿಟ್ಟು ನೋಡಿದರು. ಆಮೇಲೆ ನನ್ನನ್ನು ಕೂಡಿಸಿ ಪ್ರಶ್ನೆ ಕೇಳಿದಳು: "ಇನ್ಸುಲಿನ್ ಎಷ್ಟ್ ಡಿಗ್ರ್ಯಾಗ ಇಡಬೇಕು?"

ನೆಲದ ಮೇಲೆ ಕೂತಿದ್ದ ನಾನು ಮೆಲ್ಲಗೆ ಕೈ ಎತ್ತಿದೆ.

"ಹ್ಞಾಂ, ಹೇಳ್ರಿ ಸರ್."

ಎದ್ದು ನಿಂತೆ. "ಎರಡರಿಂದ ಎಂಟು ಡಿಗ್ರಿ."

"ಶಾಬಾಶ್. ಕೂಡ್ರಿ," ಎಂದಳು ಕುಬರಾ.

ಹಿಂದಿನಿಂದ ಅತ್ತೆಯವರು ಪಕ್ಕದವಳಿಗೆ ಹೇಳುವುದು ಕೇಳಿಸಿತು. "ನಮ್ಮ ಅಳಿಯಾ ಶಾಣ್ಯಾ ಇದ್ದಾನವಾ. ಕಲಿಸಿದ್ರ ಕಲೀತಾನ."