ನಾನು ಓದಿದ ಸೀರೆಂಕೈಮಾ

ಆಗ ನನಗೆ ಅರವತ್ತರ ಮೇಲೆ ಎರಡೋ ಮೂರೋ ಆಗಿತ್ತು. ಇದೆಲ್ಲ ನಡೆದು ಈಗ ಹತ್ತು ವರ್ಷದ ಮೇಲಾಗಿದೆ. ವಯಸ್ಸಾದವರೂ ವಿದ್ಯೆ ಕಲಿಯಬೇಕು ಅಂತ ಹೇಳುವವರು ಬಹಳ ಮಂದಿ ಇದ್ದಾರೆ. ಎಷ್ಟು ಕಲಿಯಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಒಬ್ಬರೂ ಹೇಳುವುದಿಲ್ಲ. ನಾನು ನಿಲ್ಲಿಸಿದ್ದು ಒತ್ತಕ್ಷರದ ಹತ್ತಿರ. ನಮ್ಮ ಕೊಟ್ಟೂರಿನ ಓಣಿಗೆ ಮುದುಕರಿಗೆ ಅಕ್ಷರ ಕಲಿಸುವವರು ಬಂದಿದ್ದರು. ಅ ಆ ಇ ಈ ಆಯಿತು, ಕಾಗುಣಿತ ಆಯಿತು, ಇನ್ನು ಒತ್ತಕ್ಷರ ಅನ್ನುವಷ್ಟರಲ್ಲಿ ಕಲಿಸುವ ಹುಡುಗಿ ಮದುವೆಯಾಗಿ ಹಡಗಲಿಗೆ ಹೋದಳು. ಅವಳ ಜೊತೆಗೆ ನನ್ನ ಒತ್ತುಗಳೂ ಹೋದವು. ಅವತ್ತಿನಿಂದ ನಾನು ಮೇಲಿನ ಅಕ್ಷರ ಓದುತ್ತೇನೆ, ಕೆಳಗೆ ನೇತಾಡುವುದನ್ನು ಬಿಡುತ್ತೇನೆ. ಬಸ್ಸಿನ ಬೋರ್ಡಿಗೆ ಅಷ್ಟು ಸಾಕು. ಹರಪನಹಳಿ ಅಂತ ಓದಿ ಹತ್ತಿದರೂ ಬಸ್ಸು ಹರಪನಹಳ್ಳಿಗೇ ಹೋಗುತ್ತದೆ. ಈಗ ನೀವು ಓದುತ್ತಿರುವುದರಲ್ಲಿ ಒತ್ತುಗಳು ಸರಿಯಾಗಿದ್ದರೆ ಅದು ನನ್ನ ಮೊಮ್ಮಗಳು ಗಂಗಿಯ ಕೆಲಸ. ಸಾರಿಗೆ ಉಪ್ಪು ಹಾಕಿದ ಹಾಗೆ ಕೊನೆಗೆ ಕೂತು ಹಾಕಿಕೊಟ್ಟಿದ್ದಾಳೆ.

ನನ್ನದು ಇನ್ನೊಂದು ವಿದ್ಯೆ ಇತ್ತು, ಅದಕ್ಕೆ ಅಕ್ಷರ ಬೇಕಾಗಿರಲಿಲ್ಲ. ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ತುಳಿದರೆ ಸೊಂಟದ ಉಳುಕು ಹೋಗುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಬೆಳಿಗ್ಗೆ ಬಾಯಿಗೆ ನೀರೂ ಹಾಕದೆ ಬಾಗಿದ ಮಂದಿ ಬರುತ್ತಿದ್ದರು. ಕಟ್ಟೆಯ ಮೇಲೆ ಬೋರಲು ಮಲಗಿಸಿ, ಎಡಗಾಲು ಇಟ್ಟು, ‘ನರ ಹಿಡಿದೈತಿ, ಮೂರು ದಿನ’ ಅನ್ನುತ್ತಿದ್ದೆ. ಅವರು ಎಲೆ ಅಡಿಕೆ ಇಟ್ಟು ಹೋಗುತ್ತಿದ್ದರು. ನೋಡಿದರೆ ನನ್ನ ಸಾಧನೆ ಅಂತ ಏನೂ ಇಲ್ಲ. ತಲೆ ಹಾಕುವ ಕಡೆ ಕಾಲು ಹಾಕಿದ್ದು ಒಂದೇ. ಅದೂ ನೆನಪಿಲ್ಲ, ಕಷ್ಟಪಟ್ಟವಳು ನಮ್ಮವ್ವ. ಆದರೂ ಓಣಿಯಲ್ಲಿ ನನಗೆ ಅಂತ ಒಂದು ಮರ್ಯಾದೆ ಇದ್ದರೆ ಅದೆಲ್ಲ ಆ ಎಡಗಾಲಿನದೇ. ಅದು ಹೋದರೆ ನಾನು ಸೊಸೆ ಮಾಡಿದ ರೊಟ್ಟಿ ತಿಂದು ಮೂಲೆಯಲ್ಲಿ ಕೂಡುವ ಇನ್ನೊಂದು ಮುದುಕಿ, ಅಷ್ಟೆ.

ಅಂಥಾದ್ದಕ್ಕೆ ಕುತ್ತು ಬಂದದ್ದು ನಮ್ಮ ಮನೆಯ ಮುಂದಿನ ಕೋಣೆಯಿಂದಲೇ. ಅಲ್ಲಿ ಅರಸೀಕೆರೆ ಕಡೆಯ ಒಬ್ಬ ವಿಜ್ಞಾನದ ಮೇಷ್ಟ್ರು ಬಾಡಿಗೆಗೆ ಇದ್ದರು. ತೆಳ್ಳಗೆ, ಒಳ್ಳೆಯ ಮನುಷ್ಯ, ಬಂದು ನಮ್ಮ ಕಡೆಯ ಮಾತೇ ಕಲಿತಿದ್ದರು, ನಗು ಕಡಿಮೆ. ಆ ವರ್ಷ ಗಂಗಿ ಒಂಬತ್ತನೆಯ ಕ್ಲಾಸು, ಅವರ ಕೈಯಲ್ಲೇ ಪಾಠ. ಒಂದು ದಿನ ಸಾಲಿಯಿಂದ ಬಂದವಳು ಚೀಲ ಇಡುವುದಕ್ಕೂ ಮೊದಲು ಹೇಳಿದಳು: ಸೊಂಟದಲ್ಲಿ ಹಿಡಿಯುವುದು ನರ ಅಲ್ಲವಂತೆ, ನರದ ಕೆಲಸ ಸುದ್ದಿ ಒಯ್ಯುವುದು ಅಷ್ಟೇ ಅಂತೆ, ಹಿಡಿಯುವುದು ಬೇರೆ ಯಾವುದೋ ಅಂಗಾಂಶವಂತೆ, ಅದನ್ನು ಯಾರು ತುಳಿದರೂ ಒಂದೇ ಅಂತ ಮೇಷ್ಟ್ರು ಹೇಳಿದರಂತೆ. ಆ ಕ್ಲಾಸಿನಲ್ಲಿ ಓಣಿಯ ಅರ್ಧ ಮಕ್ಕಳು ಇದ್ದರು. ಸುದ್ದಿ ಒಯ್ಯುವುದಕ್ಕೆ ನರ ಬೇಕಾಗಲೇ ಇಲ್ಲ. ಮುಂದಿನ ವಾರ ಬಂದವನು ಒಬ್ಬನೇ ಮುದುಕ, ಅವನೂ ಮಲಗುವ ಮೊದಲು ಇದು ನರವೋ ಅಂಗಾಂಶವೋ ಅಂತ ಕೇಳಿದ. ಆ ಅಂಗಾಂಶ ಏನು ಅಂತ ನಾನೇ ಕಲಿತು ಬಿಡುತ್ತೇನೆ ಅಂತ ಹಟ ಹಿಡಿದೆ.

ಗಂಗಿ ರೊಟ್ಟಿ ತಿನ್ನುತ್ತಾ ಕಲಿಸಿದಳು. ಒಂದೇ ಥರದ ಜೀವಕೋಶಗಳು ಒಂದು ಕಡೆ ಸೇರಿ ಒಂದೇ ಕೆಲಸ ಮಾಡಿದರೆ ಅಂಗಾಂಶ. ನಮ್ಮ ಓಣಿಯಲ್ಲಿ ಅಂಥದ್ದು ಒಂದೂ ಇಲ್ಲ ಅಂದೆ. ಪ್ರಾಣಿಯ ಮೈಯಲ್ಲಿ ನಾಲ್ಕು ಥರ. ಮೈಯ ಹೊರಗೆ ಒಳಗೆ ಮುಚ್ಚಿಕೊಂಡು ಕಾಯುವುದು ಒಂದು. ಸಾರಿನ ಗಡಿಗೆಗೆ ಒಂದು ತಟ್ಟೆ ಮುಚ್ಚದ ನನ್ನ ಸೊಸೆ ನಾಗಮ್ಮನ ಹೊಟ್ಟೆಯ ಒಳಗೂ ದೇವರು ಮುಚ್ಚಿಟ್ಟಿದ್ದಾನೆ ಅಂತ ಕೇಳಿ ಆಶ್ಚರ್ಯವಾಯಿತು. ಎರಡನೆಯದು ಸಂಯೋಜಕ, ಅದು ಅದಕ್ಕೂ ಇದಕ್ಕೂ ಕೂಡಿಸುವುದು. ಇದು ನನ್ನ ಮಗ ಅಂತ ತಕ್ಷಣ ಗೊತ್ತಾಯಿತು, ಎರಡೂ ಕಡೆ ಎಳೆತ ಅವನಿಗೇ. ರಕ್ತವೂ ಕೂಡಿಸುವ ಜಾತಿಯದೇ ಅಂದಳು. ರಕ್ತಸಂಬಂಧಿಗಳು ಬದುವಿನ ಕಲ್ಲಿಗೆ ಬಡಿದಾಡಿದ್ದನ್ನು ನೋಡಿದವಳು ನಾನು, ಇದನ್ನು ಮೇಷ್ಟ್ರಿಗೆ ಇನ್ನೊಂದು ಸಲ ಕೇಳು ಅಂದೆ. ಅಷ್ಟರಲ್ಲಿ ಗೆಳತಿಯರು ಕರೆದರು, ಎದ್ದು ಓಡಿದಳು. ಪುಸ್ತಕ ಅಲ್ಲೇ ಬಿದ್ದಿತ್ತು.

ಉಳಿದದ್ದನ್ನು ನಾನೇ ಓದಿದೆ. ಅದೇ ಆದ ಅನಾಹುತ. ಮೂರನೆಯದು ‘ಸಾಯು ಅಂಗಾಂಶ’ ಅಂತ ಇತ್ತು. ಸಾಯುವುದಕ್ಕೂ ಮೈಯಲ್ಲಿ ಒಂದು ಜಾಗ ಬೇರೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಗಾಳಿಗೆ ಹಾಳೆ ಮಗುಚಿತು. ಎಲ್ಲಾ ಚಿತ್ರವೂ ಜೇನುಹುಟ್ಟಿನ ಹಾಗೆ ಒಂದೇ ಥರ, ಎಲ್ಲಿ ಪ್ರಾಣಿ ಮುಗಿದು ಗಿಡ ಶುರುವಾಯಿತು ಅಂತ ಹೇಗೆ ತಿಳಿಯಬೇಕು. ಅಲ್ಲಿ ‘ಕೈಲಂ’ ಅಂತ ಇತ್ತು, ಅದು ನೀರನ್ನು ಮೇಲಕ್ಕೆ ಒಯ್ಯುತ್ತದೆ ಅಂತ ಬರೆದಿತ್ತು. ಸರಿಯಾಗಿದೆ, ತಂಬಿಗೆ ಎತ್ತಿ ಬಾಯಿಗೆ ಒಯ್ಯುವುದು ಕೈಯೇ. ಆಮೇಲೆ ಕೋಲೆಂಕೈಮಾ, ಸೀರೆಂಕೈಮಾ. ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದ ನನಗೆ ಕೈಮಾ ಯಾರೂ ಕಲಿಸಬೇಕಾಗಿಲ್ಲ, ಕೈಮಾ ಅಂದಮೇಲೆ ಅದು ಮಾಂಸವೇ. ಸೀರೆಂಕೈಮಾದ ಕೆಳಗೆ ತೆಂಗಿನ ನಾರಿನ ಚಿತ್ರ ಇತ್ತು. ಕೈಮಾ ಉಂಡೆಗೆ ತೆಂಗು ಹಾಕುವುದು ಎಲ್ಲರಿಗೂ ಗೊತ್ತು, ಅದರಲ್ಲೂ ಅನುಮಾನ ಬರಲಿಲ್ಲ. ಸೀರೆ ಅಂತ ಇರುವುದರಿಂದ ಅದು ಸೀರೆ ಸಿಕ್ಕಿಸುವ ಜಾಗ, ಅಂದರೆ ಸೊಂಟ. ಅದು ಸತ್ತ ಕೋಶಗಳಿಂದ ಆಗಿದೆ, ಬಿಗಿಯಾಗಿ ಇರುತ್ತದೆ ಅಂತ ಬರೆದಿತ್ತು. ಸೊಂಟ ಹಿಡಿಯುವುದಕ್ಕೆ ಇನ್ನೇನು ಕಾರಣ ಬೇಕು? ಮೇಷ್ಟ್ರ ಪುಸ್ತಕದಲ್ಲಿಯೇ ಮೇಷ್ಟ್ರಿಗೆ ಉತ್ತರ ಸಿಕ್ಕಿತು ಅಂತ ಪುಸ್ತಕ ಮುಚ್ಚಿದೆ.

ಮರುವಾರ ಓಣಿಯ ತುದಿಯ ಬಾಷಾ ಬಂದ. ಸೈಕಲ್ಲು, ಸ್ಕೂಟರು ರಿಪೇರಿ ಮಾಡುವವನು. ಬಾಗಿ ಬಾಗಿ ಅವನಿಗೆ ವರ್ಷಕ್ಕೊಮ್ಮೆ ಹಿಡಿಯುತ್ತದೆ, ಪ್ರತಿ ಸಲ ನನ್ನ ಕಾಲಿಗೇ ಬರುತ್ತಾನೆ. ಮಲಗಿಸಿದೆ, ತುಳಿದೆ. ಕಟ್ಟೆಯ ಹತ್ತಿರ ನಾಲ್ಕು ಮಂದಿ ನಿಂತಿದ್ದರು, ಅವರಿಗೂ ಕೇಳಲಿ ಅಂತ ಗಟ್ಟಿಯಾಗಿ ಹೇಳಿದೆ.

“ಬಾಷಾ, ಇದು ನರ ಅಲ್ಲಪಾ. ನಿನ್ನ ಸೀರೆಂಕೈಮಾ ಸತ್ತೈತಿ. ಹಿಡಿದಿರೋದು ಸಾಯು ಅಂಗಾಂಶ.”

ಅವನು ಎದ್ದು ಕೂತ. ಉಳುಕು ಇರುವುದೂ ಮರೆತು ಹೋಗಿತ್ತು.

“ಸಾಯು ಅಂದ್ರ... ಅಮ್ಮಾ, ಎಷ್ಟು ದಿನ ಐತ್ರಿ?”

“ಮೂರು ದಿನ” ಅಂದೆ. ನಾನು ಎಲ್ಲರಿಗೂ ಹೇಳುವುದು ಅದೇ.

ಎಲೆ ಅಡಿಕೆ ಇಡುವುದನ್ನೂ ಮರೆತು ಹೋದ. ಮನೆಗೆ ಹೋಗಿ ಹಾಸಿಗೆ ಹಿಡಿದನಂತೆ. ಕೊಟ್ಟ ಮಗಳನ್ನು ಹರಪನಹಳ್ಳಿಯಿಂದ ಕರೆಸಿದನಂತೆ. ಬಿಚ್ಚಿದ್ದ ಸೈಕಲ್ಲುಗಳನ್ನು ಬಿಚ್ಚಿದ ಹಾಗೇ ಅವರವರ ಮನೆಗೆ ಕಳಿಸಿ, ಮಾತು ಬಿಟ್ಟಿದ್ದ ಅಣ್ಣನನ್ನು ಕರೆದು ಅಪ್ಪಿಕೊಂಡು ಅತ್ತನಂತೆ. ಸಂಜೆ ಅವನ ಹೆಂಡತಿ ಬಂದು ಅಂಗಳದಲ್ಲಿ ನಿಂತು, ಅಮ್ಮಾ, ನನ್ನ ಗಂಡನಿಗೆ ಏನು ಹೇಳಿ ಕಳಿಸಿದಿರಿ, ಇವತ್ತು ಬೆಳಿಗ್ಗೆ ಆರು ರೊಟ್ಟಿ ತಿನ್ನುವ ಮನುಷ್ಯನಾಗಿದ್ದ ಅಂತ ಕೇಳಿದಳು. ನಾನು ಪುಸ್ತಕ ತಂದು ತೋರಿಸಿದೆ. ಗಲಾಟೆಗೆ ಮೇಷ್ಟ್ರು ಹೊರಗೆ ಬಂದರು. ನಾನು ಬೆರಳಿಟ್ಟ ಜಾಗ ಬಗ್ಗಿ ನೋಡಿದರು. ನಗು ಕಡಿಮೆ ಅಂದೆನಲ್ಲ, ಅವತ್ತು ಒಂದು ವರ್ಷದ್ದು ಒಟ್ಟಿಗೇ ನಕ್ಕರು.

“ಅಜ್ಜೀ, ಅದು ಸ್ನಾಯು ಐತ್ರಿ, ಸಾಯು ಅಲ್ಲ. ಕೆಳಗ ನ ಒತ್ತು ಐತಿ ನೋಡ್ರಿ. ಮತ್ತ ನಿಮ್ಮ ಸೀರೆಂಕೈಮಾ ಅಂದ್ರ ಸ್ಕ್ಲೀರೆಂಕೈಮಾ, ಅದು ಗಿಡದಾಗ ಇರ್ತೈತ್ರಿ. ಮನುಷ್ಯಾರಾಗಲ್ಲ, ಸೀರ್ಯಾಗೂ ಅಲ್ಲ.”

ಬಾಷಾ ಆ ರಾತ್ರಿಯೇ ಎದ್ದು ಉಂಡ. ಸತ್ತವಳು ನಾನು ಅಂದುಕೊಳ್ಳಬಹುದು. ಓಣಿಯ ಮಕ್ಕಳು ಸಾಲಿಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ‘ಕೈಮಾ ಅಜ್ಜಿ’ ಅನ್ನತೊಡಗಿದರು. ನಾಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು, ಅವಳು ಮುಚ್ಚಿದ್ದು ಅಂದರೆ ಅದೊಂದೇ. ಆದರೂ ಕಾಲಿನ ಮೇಲಿನ ನಂಬಿಕೆ ಪೂರ್ತಿ ಹೋಗಿರಲಿಲ್ಲ. ಬಾಯಿ ಕೆಟ್ಟದ್ದು, ಕಾಲು ಒಳ್ಳೆಯದು ಅಂತ ದೊಡ್ಡವರು ಹೇಳುತ್ತಿದ್ದರಂತೆ. ಇನ್ನು ಮೇಲೆ ಬಾಯಿ ತೆರೆಯದೆ ತುಳಿದರಾಯಿತು ಅಂತ ಇದ್ದೆ.

ಒಂದು ಮಧ್ಯಾಹ್ನ ನಾಗಮ್ಮ ಸಂತೆಗೆ ಹೋಗಿದ್ದಳು. ಅಂಗಳದಲ್ಲಿ ಹಸಿ ಶೇಂಗಾ ಒಣಹಾಕಿದ್ದೆ, ಪಕ್ಕದ ಮನೆಯ ಕೋಳಿ ಬಂತು. ಕಸಬರಿಗೆ ಎತ್ತಿ ಹೊಡೆಯೋಣ ಅಂತ ಬಗ್ಗಿದೆ. ಬಗ್ಗಿದವಳು ಹಾಗೇ ನಿಂತೆ. ಸೊಂಟದಲ್ಲಿ ಯಾರೋ ಚಿಲಕ ಹಾಕಿದ ಹಾಗಾಯಿತು. ಕೋಳಿ ನನ್ನ ಮುಖದ ಎದುರಿಗೇ ನಿಂತು ಸಾವಕಾಶವಾಗಿ ತಿಂದಿತು. ಕೂಗಿದರೆ ಓಣಿ ಬರುತ್ತದೆ. ಉಳುಕು ತುಳಿಯುವವಳಿಗೇ ಉಳುಕು ಅಂತ ಗೊತ್ತಾದರೆ ನನ್ನ ಎಡಗಾಲು ಮುಗಿದ ಹಾಗೆಯೇ. ಹಲ್ಲು ಕಚ್ಚಿ ಮೆಲ್ಲಗೆ ಕೆಳಗೆ ಮಲಗಿದೆ. ಆಗ ಕಾಣಿಸಿದ್ದು ಮೇಷ್ಟ್ರ ಚಪ್ಪಲಿ.

ಅವರು ನಗಲಿಲ್ಲ. ಸ್ನಾಯು ಬಿಗಿ ಹಿಡಿದಿದೆ, ಎರಡು ಮೂರು ದಿನ ಬಗ್ಗದೆ, ಭಾರ ಎತ್ತದೆ ಇದ್ದರೆ ತಾನೇ ಸಡಿಲಾಗುತ್ತದೆ ಅಂದರು. ಅದೆಲ್ಲ ಬೇಡ, ತುಳಿಯಬೇಕು, ಕಾಲು ಮುಂದಾಗಿ ಹುಟ್ಟಿದವರು ಎಲ್ಲಾದರೂ ಇದ್ದರೆ ಗುಟ್ಟಾಗಿ ಕರೆತನ್ನಿ ಅಂದೆ. ಮೇಷ್ಟ್ರು ಅಂಗಳದ ಬಾಗಿಲಿಗೆ ಹೋಗಿ ಓಣಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಬಾಗಿಲ ಅಗಳಿ ಹಾಕಿ ಬಂದರು.

“ಅಜ್ಜೀ, ಯಾರ ಮುಂದೂ ಹೇಳಬ್ಯಾಡ್ರಿ. ನಾನೂ ಹಂಗಾ ಹುಟ್ಟಿದಾಂವ.”

ಅವರ ಊರಿನಲ್ಲಿ ಚಿಕ್ಕಂದಿನಿಂದ ಅವರವ್ವ ಬೆಳಗಾಗುತ್ತಲೇ ಎಬ್ಬಿಸಿ, ಒನಕೆ ಕಡ ಕೊಟ್ಟ ಹಾಗೆ ಮನೆ ಮನೆಗೆ ಕೊಡುತ್ತಿದ್ದಳಂತೆ. ಪರೀಕ್ಷೆಯ ದಿನವೂ ನಾಲ್ಕು ಸೊಂಟ ತುಳಿದು ಹೋಗಬೇಕಾಗಿತ್ತಂತೆ. ಆ ಕಾಟಕ್ಕೇ ವಿಜ್ಞಾನ ಓದಿ, ಗುರುತಿಲ್ಲದ ಊರಿಗೆ ಕೆಲಸ ಹಾಕಿಸಿಕೊಂಡು ಬಂದರಂತೆ. ಇಷ್ಟು ಹೇಳಿ ಕಾಲು ತೊಳೆದು ಬಂದು, ಹಿಮ್ಮಡಿ ಮೊದಲು ಊರಿ, ಆಮೇಲೆ ಬೆರಳು ತಿರುವಿ ತುಳಿದರು. ಒಳ್ಳೆಯ ಕಾಲು. ನನ್ನದಕ್ಕಿಂತ ಹಗುರ. ನೋವು ಹೋಯಿತೇ ಅಂದರೆ, ಹೋಗಲಿಲ್ಲ. ಗೋಡೆ ಹಿಡಿದು ನಿಲ್ಲುವಷ್ಟಾಯಿತು. ಮೂರು ದಿನ ಅಂತ ಮತ್ತೆ ಹೇಳಿದರು. ನಲವತ್ತು ವರ್ಷದಿಂದ ನಾನೂ ಎಲ್ಲರಿಗೂ ಅದನ್ನೇ ಹೇಳುತ್ತಿದ್ದೇನೆ, ಹಾಗಾದರೆ ನಡುವೆ ನನ್ನ ಕಾಲು ಯಾತಕ್ಕೆ ಅಂತ ಒಂದು ಯೋಚನೆ ಬಂತು. ಅದನ್ನು ಮುಂದಕ್ಕೆ ಬೆಳೆಸಲಿಲ್ಲ. ನನ್ನ ಸೊಂಟದ ಸುದ್ದಿ ಅವರು ಹೇಳಬಾರದು, ಅವರ ಕಾಲಿನ ಸುದ್ದಿ ನಾನು ಹೇಳಬಾರದು ಅಂತ ಮಾತಾಯಿತು. ಇಬ್ಬರದೂ ಮರ್ಯಾದೆಯ ಪ್ರಶ್ನೆ.

ಮರುದಿನ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಕೂಡ್ಲಿಗಿ ಕಡೆಯಿಂದ ಒಬ್ಬ ಬಂದ. ಕುಡುಗೋಲಿನ ಹಾಗೆ ಬಾಗಿದ್ದ, ಹಿಂದೆ ಹೆಂಡತಿ. ಬಾಯಿಗೆ ನೀರು ಹಾಕಿಲ್ಲ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೋ ಕಾಲು ನೆಲದಿಂದ ನಾಲ್ಕು ಬೆರಳು ಮೇಲೆ ಏಳದು. ಯಾಕಮ್ಮಾ, ನೀವು ತುಳಿಯುವುದಿಲ್ಲವೇ ಅಂತ ಅವನ ಹೆಂಡತಿ ಕೇಳಿದಳು.

“ಇಂಥಾ ಸಣ್ಣ ಉಳುಕಿಗೆ ನಾನ್ಯಾಕವ್ವಾ? ನನ್ನ ಕೈಕೆಳಗ ಕಲಿಯೋ ಹುಡುಗ ಒಬ್ಬ ಅದಾನ” ಅಂದೆ. ಗೋಡೆ ಹಿಡಿದುಕೊಂಡು ಹೋಗಿ ಮೇಷ್ಟ್ರ ಬಾಗಿಲು ಬಡಿದೆ.